ಶ್ರೀಗಂಧದ ಸಸಿ ನಡೆದು ಬಂದ ದಾರಿ

ನಾನು ಚಿಕ್ಕವನಾಗಿದ್ದಾಗ ನಮ್ಮ ಹೊಲದ ಬದುವಿನ ಮೇಲೆ ಒಂದು ಹಳೆಯ ಬೇಲಿ ಇತ್ತು. ಲಂಟಾನ, ಕಳ್ಳಿ, ನಡುನಡುವೆ ಒಂದೆರಡು ಹೊಂಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಬೇಲಿಯ ಬುಡದಲ್ಲಿ ಗಂಧದ ಸಸಿಗಳು ತಾವಾಗಿಯೇ ಎದ್ದು ನಿಲ್ಲುತ್ತಿದ್ದುವು. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದ ಕಡೆಯಲ್ಲೆಲ್ಲ ಅವು ಹುಟ್ಟುತ್ತವೆ. ನಮ್ಮಜ್ಜಿ ಹುಲ್ಲು ಕುಯ್ಯಲು ಹೋದವಳು ಅವನ್ನು ಕಂಡರೆ ಸಾಕು, ಬುಡಸಮೇತ ಕಿತ್ತು ಎಸೆಯುವಳು. "ಯಾಕಜ್ಜಿ, ಅದೇನು ಮಾಡಿತ್ತು ನಿನಗೆ?" ಅಂತ ಕೇಳಿದರೆ, "ಸರ್ಕಾರದ ಮರ ಕಣೋ ಮಗಾ ಅದು. ಇವತ್ತು ಬೆರಳಷ್ಟಿರ್ತದೆ, ನಾಳೆ ತೊಡೆಯಷ್ಟಾಗ್ತದೆ. ಯಾವನೋ ರಾತ್ರಿ ಬಂದು ಕಡ್ಕೊಂಡು ಹೋಗ್ತಾನೆ, ಬೆಳಗೆದ್ದು ನಿಮ್ಮಪ್ಪ ಜವಾಬು ಹೇಳಬೇಕಾಗ್ತದೆ" ಅನ್ನುವಳು.

ಈಗ ನಾನು ಹಳ್ಳಿಗಳಿಗೆ ಹೋದರೆ ಜನ ಸುತ್ತ ನಿಂತು ಕೇಳುವ ಮಾತೇ ಬೇರೆ. "ಸ್ವಾಮಿ, ಟಿಶ್ಯೂ ಕಲ್ಚರ್ ಗಂಧ ಅಂತಾರಲ್ಲ, ಅದು ಎಲ್ಲಿ ಸಿಗ್ತದೆ? ಬೇಗ ಬೆಳೀತದಂತೆ, ಹೌದಾ?" ಅಜ್ಜಿ ಕಿತ್ತೆಸೆದ ಗಿಡವನ್ನು ಮೊಮ್ಮಗ ದುಡ್ಡು ಕೊಟ್ಟು ತರುವ ಕಾಲ ಬಂದಿದೆ. ನಡುವೆ ಏನು ನಡೆಯಿತು, ಈ ಬಾಟಲಿಯ ಸಸಿ ಎಲ್ಲಿಂದ ಬಂತು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಈ ಹೊತ್ತು ಮಾತಾಡೋಣ.

ಮೊದಲು ಕಾನೂನಿನ ಮಾತು. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ಅರಮನೆಯ ಮರವೆಂದು ಸಾರಿದನು. ಅಲ್ಲಿಂದ ಮುಂದೆ ಆಳುವವರು ಬದಲಾದರೂ ಆ ಕಟ್ಟಳೆ ಬದಲಾಗಲಿಲ್ಲ. ಮರ ಯಾರ ಹೊಲದಲ್ಲಿಯೇ ಹುಟ್ಟಿರಲಿ, ಅದು ಸರ್ಕಾರದ್ದು. ಕಾಯುವ ಹೊಣೆ ಮಾತ್ರ ಹೊಲದವನದು. ಒಂದಿಷ್ಟು ಬೋನಸ್ ಕೊಡುವ ಪದ್ಧತಿ ಇತ್ತು, ನಿಜ. ಆದರೆ ಬೋನಸ್ಸಿಗಿಂತ ಭಯವೇ ದೊಡ್ಡದಾಗಿತ್ತು. 1963ರ ಅರಣ್ಯ ಕಾಯಿದೆ ಬಂದ ಮೇಲೂ ಇದೇ ಸ್ಥಿತಿ. ಕೊನೆಗೆ 2001ರಲ್ಲಿ ಕರ್ನಾಟಕ ಸರ್ಕಾರ ಆ ಕಾಯಿದೆಗೆ ತಿದ್ದುಪಡಿ ತಂದು, ಹೊಲದಲ್ಲಿರುವ ಗಂಧದ ಮರ ಹೊಲದವನದೇ ಎಂದು ಒಪ್ಪಿತು. ಲೆಕ್ಕ ಹಾಕಿ ನೋಡಿ, 209 ವರ್ಷ. ಅಷ್ಟೂ ಕಾಲ ನಮ್ಮ ಹಿರಿಯರು ಗಂಧವನ್ನು ಬೆಳೆಯೆಂದು ನೋಡಲೇ ಇಲ್ಲ. ರಾಗಿಯಲ್ಲಿ ಒಳ್ಳೆ ತೆನೆ ಆರಿಸಿ ಬೀಜಕ್ಕೆ ಇಟ್ಟರು, ಹಲಸಿನಲ್ಲಿ ಒಳ್ಳೆ ತೊಳೆಯ ಮರ ನೋಡಿ ಬೀಜ ಹಾಕಿದರು. ಗಂಧದಲ್ಲಿ ಆ ಕೆಲಸ ನಡೆಯಲಿಲ್ಲ.

ನಡೆದದ್ದು ಅದಕ್ಕೆ ತಿರುಗುಮುರುಗು. ಕಡಿಯಲು ಬಂದವನು, ಅವನು ಕಳ್ಳನಾಗಲಿ ಪರವಾನಗಿ ಹಿಡಿದವನಾಗಲಿ, ಎಂಥ ಮರ ನೋಡುತ್ತಾನೆ? ದಪ್ಪನೆಯದು, ನೆಟ್ಟಗಿರುವುದು, ಒಳಗೆ ಚೇಗು ತುಂಬಿದ್ದು. ಸೊಟ್ಟ ಮರ, ಚೇಗು ಕಟ್ಟದ ಮರ ಉಳಿದುಕೊಳ್ಳುತ್ತದೆ. ಮಾರನೆಯ ವರ್ಷ ಹಕ್ಕಿಗೆ ಹಣ್ಣು ಕೊಡುವುದು ಯಾವುದು? ಆ ಉಳಿದ ಮರವೇ. ಒಳ್ಳೆ ತೆನೆಯನ್ನೆಲ್ಲ ಸಂತೆಗೆ ಹಾಕಿ ಜೊಳ್ಳನ್ನು ಬೀಜದ ಮಡಕೆಗೆ ತುಂಬಿದ ಹಾಗೆ ಆಯಿತು. ಇನ್ನೂ ಒಂದು ಮಾತಿದೆ. ಗಂಧದ ಬೇರಿನಲ್ಲಿಯೂ ಎಣ್ಣೆ ಇರುವುದರಿಂದ ಮರವನ್ನು ಕಡಿಯುವುದಲ್ಲ, ಅಗೆದು ಬೇರುಸಹಿತ ತೆಗೆಯುತ್ತಾರೆ. ಮೋಟು ಕೂಡ ಉಳಿಯದು. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಗಂಧವನ್ನು ಅಪಾಯಕ್ಕೆ ಈಡಾದ ಜಾತಿಗಳ ಪಟ್ಟಿಗೆ ಸೇರಿಸಿತು.

ಇಷ್ಟು ಬೆಲೆಯ ಮರವನ್ನು ಸರ್ಕಾರವೇ ನೆಟ್ಟು ಬೆಳೆಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೆಡಲು ನೋಡಿದರು. ಆದರೆ ಗಂಧದ ಸಸಿ ತೋಪಿನಲ್ಲಿ ಸಾಲಾಗಿ ನೆಟ್ಟರೆ ಒಣಗಿ ಹೋಗುತ್ತಿತ್ತು, ಬೇಲಿ ಪೊದೆಯೊಳಗೆ ತಾನಾಗಿ ಹುಟ್ಟಿದ್ದು ಸೊಗಸಾಗಿ ಬೆಳೆಯುತ್ತಿತ್ತು. ಇದರ ಗುಟ್ಟನ್ನು 1871ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಜಾನ್ ಸ್ಕಾಟ್ ಎಂಬುವರು ಬಿಡಿಸಿದರು. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಅದರಿಂದ ರಸ ಹೀರುತ್ತದೆ. ಮಾವಿನ ಕೊಂಬೆಯ ಮೇಲೆ ಬಂದಣಿಕೆ ಕೂರುವುದನ್ನು ನೀವು ನೋಡಿದ್ದೀರಿ. ಗಂಧ ಆ ಕೆಲಸವನ್ನು ಮಣ್ಣಿನೊಳಗೆ, ಯಾರಿಗೂ ಕಾಣದ ಹಾಗೆ ಮಾಡುತ್ತದೆ. ಎಲೆ ಹಸುರಾಗಿರುವುದರಿಂದ ತನ್ನ ಅನ್ನ ತಾನೇ ಬೇಯಿಸಿಕೊಳ್ಳುತ್ತದೆ, ನೀರು ಮತ್ತು ಲವಣಕ್ಕೆ ಮಾತ್ರ ನೆರೆಮನೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿನ ಸಿ. ಎ. ಬಾರ್ಬರ್ ಅವರು ಈ ಹೀರುಬೇರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ವಿವರವಾಗಿ ಬರೆದಿಟ್ಟರು. ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಕೆಲಸ ಶುರು ಮಾಡಿದವರು ಇವರೇ. "ಕೋ" ಎಂಬ ಹೆಸರಿನ ಕಬ್ಬು ಹಾಕಿದ ರೈತರೆಲ್ಲ ಅವರಿಗೆ ಸ್ವಲ್ಪ ಋಣಿಗಳೇ.

ಆಸರೆ ಗಿಡದ ಗುಟ್ಟು ತಿಳಿಯಿತು, ಇನ್ನು ಗಂಧ ಬೆಳೆಸುವುದು ಸಲೀಸು ಅಂದುಕೊಳ್ಳುವಷ್ಟರಲ್ಲಿ ರೋಗ ಬಂತು. 1899ರ ಸುಮಾರಿಗೆ ಕೊಡಗಿನಲ್ಲಿ ಗಂಧದ ಮರಗಳು ವಿಚಿತ್ರವಾಗಿ ಸೊರಗತೊಡಗಿದುವು. ಎಲೆ ಸಣ್ಣದಾಗಿ, ಕಿರಿದಾಗಿ, ಕೊಂಬೆಗೆ ಒತ್ತಾಗಿ ಮುಳ್ಳಿನಂತೆ ನೆಟ್ಟಗೆ ನಿಲ್ಲುತ್ತಿತ್ತು. ಹಣ್ಣು ಕಟ್ಟುವುದು ನಿಲ್ಲುತ್ತಿತ್ತು. ಎರಡು ಮೂರು ವರ್ಷದಲ್ಲಿ ಮರ ಸತ್ತೇಹೋಗುತ್ತಿತ್ತು. ಇದೇ ಸ್ಪೈಕ್ ರೋಗ. ಮೈಸೂರು ಸೀಮೆಗೂ ಹಬ್ಬಿ ಕಾಡುಕಾಡನ್ನೇ ಬೋಳು ಮಾಡಿತು. ಬೆಂಕಿಯಿಂದ ಬಂತೆಂದರು ಕೆಲವರು, ಬರದಿಂದ ಬಂತೆಂದರು ಇನ್ನು ಕೆಲವರು. ಮೈಸೂರಿನ ವ್ಯವಸಾಯ ಇಲಾಖೆಯ ಡೈರೆಕ್ಟರಾಗಿದ್ದ ಲೆಸ್ಲಿ ಕೋಲ್ಮನ್ ಅವರು, ಮಲೆನಾಡಿನವರು ಇವರನ್ನು ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೇಳಿಕೊಟ್ಟವರೆಂದು ನೆನೆಯುತ್ತಾರೆ, 1917ರಲ್ಲಿ ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ರೋಗದ ಮರದ ಕಡ್ಡಿಯನ್ನು ಒಳ್ಳೆ ಮರಕ್ಕೆ ಕಸಿ ಕಟ್ಟಿದರೆ ಒಳ್ಳೆ ಮರಕ್ಕೂ ರೋಗ ಬರುತ್ತದೆ. ಅಂದರೆ ಇದು ಅಂಟುರೋಗ. ಕಸಿ ಕಟ್ಟುವವರು ಈ ಮಾತನ್ನು ಮರೆಯಬಾರದು. ಮುಂದೆ ಇದೇ ಮಾತಿಗೆ ಮತ್ತೆ ಬರುತ್ತೇನೆ.

ಆ ಕಾಲಕ್ಕೇ ಗಂಧದ ಬೆಲೆ ಏರುತ್ತಿತ್ತು. ಮೊದಲನೆಯ ಮಹಾಯುದ್ಧದಿಂದ ಜರ್ಮನಿಗೆ ಕೊರಡು ಕಳಿಸುವುದು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಕಾರ್ಖಾನೆ ಶುರುವಾಯಿತು. ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಕಾರ್ಖಾನೆಗೆ ಹೊಟ್ಟೆ, ಕಾಡಿಗೆ ರೋಗ. ರೋಗದ ಬೆನ್ನು ಹತ್ತಿದವರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಾರಲ್ಲ ಅಲ್ಲಿನ, ಎಂ. ಶ್ರೀನಿವಾಸಯ್ಯನವರ ತಂಡ ಮುಖ್ಯವಾದದ್ದು. ಆದರೂ ರೋಗದ ಜೀವಿ ಕಣ್ಣಿಗೆ ಬಿದ್ದದ್ದು 1969ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ. ಅದಕ್ಕೆ ಎರಡು ವರ್ಷ ಮೊದಲು ಜಪಾನಿನವರು ಹಿಪ್ಪುನೇರಳೆಯ ಕುಬ್ಜ ರೋಗದಲ್ಲಿ ಅಂಥದೇ ಜೀವಿಯನ್ನು ಕಂಡಿದ್ದರು, ಆ ಜಾಡು ಹಿಡಿದು ಗಂಧದಲ್ಲಿಯೂ ಹುಡುಕಿದರು. ಈಗ ಇದಕ್ಕೆ ಫೈಟೋಪ್ಲಾಸ್ಮ ಎಂದು ಹೆಸರು. ರಸ ಹೀರುವ ಜಿಗಿಹುಳುಗಳು ಹರಡುತ್ತವೆ. ರೋಗ ಹಿಡಿದ ಮರವನ್ನು ಗುಣಪಡಿಸುವ ಔಷಧಿ ರೈತನ ಕೈಗೆ ಇನ್ನೂ ಬಂದಿಲ್ಲ.

ಒಂದು ವಿಚಾರ ಗಮನಿಸಿ. ರೋಗ ಹೊಕ್ಕ ಕಾಡಿನಲ್ಲಿಯೂ ಅಲ್ಲೊಂದು ಇಲ್ಲೊಂದು ಮರ ಹಸುರಾಗಿ ನಿಂತಿರುತ್ತಿತ್ತು. ಅದು ಅದೃಷ್ಟವೋ, ಅದರ ರಕ್ತದಲ್ಲಿಯೇ ಏನಾದರೂ ತಾಕತ್ತಿತ್ತೋ? ಹಾಗೆಯೇ ಒಂದೇ ವಯಸ್ಸಿನ, ಒಂದೇ ಮಣ್ಣಿನ ಎರಡು ಮರಗಳಲ್ಲಿ ಒಂದಕ್ಕೆ ಚೇಗು ಬೇಗ ಕಟ್ಟುತ್ತದೆ, ಇನ್ನೊಂದಕ್ಕೆ ಕಟ್ಟುವುದೇ ಇಲ್ಲ. ಇಂಥ ಒಳ್ಳೆ ಮರಗಳನ್ನು ಕಡಿದು ಹೋಗುವ ಮೊದಲೇ ಗುರುತಿಸಿ ಉಳಿಸಿಕೊಳ್ಳಬೇಕಲ್ಲವೆ?

ಆ ಕೆಲಸಕ್ಕೆ ಕೈ ಹಾಕಿದ್ದು ಬೆಂಗಳೂರಿನ ಅರಣ್ಯ ಸಂಶೋಧನಾಲಯ. 1938ರಲ್ಲಿ ಮೈಸೂರು ಸಂಸ್ಥಾನದವರು ಅದನ್ನು ಕಟ್ಟಿದರು. 1977ರಲ್ಲಿ ಅಲ್ಲಿಯೇ ಗಂಧದ ಸಂಶೋಧನಾ ಕೇಂದ್ರ ಬಂತು. 1988ರಲ್ಲಿ ಅದೇ ಮಲ್ಲೇಶ್ವರದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಅಲ್ಲಿನ ವಿಜ್ಞಾನಿಗಳು ಕಾಡು ಸುತ್ತಿ ಮರ ಆರಿಸಿದರು. ಮರವನ್ನು ಕೊಲ್ಲದೆ ಟೊಳ್ಳು ಬೈರಿಗೆಯಿಂದ ಪೆನ್ಸಿಲ್ಲಿನಷ್ಟು ತಿರುಳು ತೆಗೆದು, ಚೇಗು ಎಷ್ಟಿದೆ ಎಣ್ಣೆ ಎಷ್ಟಿದೆ ನೋಡಬಹುದು. ಆರಿಸಿದ ಮರದ ಕಡ್ಡಿ ತಂದು ಕಸಿ ಕಟ್ಟಿ ಹೊಸಕೋಟೆ ಹತ್ತಿರದ ಗೊಟ್ಟಿಪುರದಲ್ಲಿ ಒಟ್ಟಿಗೆ ನೆಟ್ಟರು. ಕೇರಳದ ಮರಯೂರು, ನಮ್ಮ ಮಂಡಗದ್ದೆ, ತಂಗಲಿ ಮುಂತಾದ ಕಡೆಗಳ ಬೀಜ ತಂದು ಅಕ್ಕಪಕ್ಕ ಬೆಳೆಸಿ ಹೋಲಿಸಿ ನೋಡಿದರು. ಇಂಥ ತೋಟವನ್ನು ತಳಿ ಭಂಡಾರ ಎನ್ನಬಹುದು. ಬೀಜದ ಕಣಜ ಎಂದರೂ ತಪ್ಪಿಲ್ಲ, ಆದರೆ ಇಲ್ಲಿ ಕಣಜದಲ್ಲಿರುವುದು ಜೀವಂತ ಮರ. ಗಂಧದ ಬೀಜವನ್ನು ಮನೆಯಲ್ಲಿ ಬಹುಕಾಲ ಇಡಲಾಗದು. ವರ್ಷ ಕಳೆದರೆ ಹುಟ್ಟುವುದು ತೀರ ಕಡಿಮೆ.

ಇಲ್ಲಿ ಸ್ವಲ್ಪ ನಿಂತು, ಬೀಜದ ಸಸಿಗೂ ಕಡ್ಡಿಯ ಸಸಿಗೂ ಇರುವ ವ್ಯತ್ಯಾಸ ಹೇಳಬೇಕು. ನಿಮಗಿದು ಹೊಸದೇನಲ್ಲ. ಕಬ್ಬಿನ ತುಂಡು ನೆಟ್ಟರೆ ಅದೇ ಕಬ್ಬು ಬರುತ್ತದೆ. ಬಾಳೆ ಕಂದು ನೆಟ್ಟರೆ ಅದೇ ಬಾಳೆ. ಮಾವಿನ ಓಟೆ ನೆಟ್ಟರೆ ಮಾತ್ರ ಏನು ಬರುತ್ತದೋ ಹೇಳಲಾಗದು, ತಾಯಿ ಯಾರೆಂದು ಗೊತ್ತು, ತಂದೆಯ ಪರಾಗ ಎಲ್ಲಿಂದ ಬಂತೋ ದುಂಬಿಗೇ ಗೊತ್ತು. ಗಂಧವೂ ಹಾಗೆಯೇ, ಹೆಚ್ಚಾಗಿ ಬೇರೆ ಮರದ ಪರಾಗದಿಂದ ಕಾಯಿ ಕಟ್ಟುತ್ತದೆ. ಆದ್ದರಿಂದ ಎಂಥ ಒಳ್ಳೆ ಮರದ ಬೀಜ ತಂದರೂ ಸಸಿಗಳೆಲ್ಲ ತಾಯಿಯ ಹಾಗೆ ಇರುವುದಿಲ್ಲ. ತಾಯಿಯ ಹಾಗೇ ಬೇಕಾದರೆ ಕಸಿ ಕಟ್ಟಬೇಕು. ಆದರೆ ಒಂದು ಮರದಿಂದ ಎಷ್ಟು ಕಡ್ಡಿ ತೆಗೆದೀರಿ? ನೂರು? ಇನ್ನೂರು? ಸಾವಿರಾರು ಎಕರೆಗೆ ಅದು ಎಲ್ಲಿ ಸಾಲುತ್ತದೆ?

ಬಾಟಲಿಯ ಮಾತು ಬರುವುದು ಇಲ್ಲಿಯೇ. 1902ರಷ್ಟು ಹಿಂದೆಯೇ ಹೇಬರ್‌ಲಾಂಟ್ ಎಂಬ ವಿಜ್ಞಾನಿ, ಗಿಡದ ಒಂದೊಂದು ಜೀವಕೋಶಕ್ಕೂ ಪೂರ್ತಿ ಗಿಡವಾಗುವ ಶಕ್ತಿ ಇರಬೇಕು ಎಂದು ಹೇಳಿದ್ದರು. ಆಗ ಅದು ಬರಿಯ ಊಹೆ. 1958ರಲ್ಲಿ ಅಮೆರಿಕದ ಸ್ಟೀವರ್ಡ್ ಅವರು ಗಜ್ಜರಿಯ ಕೋಶಗಳಿಂದ ಗಿಡ ಎಬ್ಬಿಸಿ ತೋರಿಸಿದರು. ಕ್ರಮ ಹೀಗೆ: ಎಳೆಯ ಭಾಗದ ಒಂದು ಚೂರನ್ನು ಚೊಕ್ಕಟ ಮಾಡಿ, ಸಕ್ಕರೆ, ಲವಣ, ಬೆಳವಣಿಗೆಯ ರಸ ಸೇರಿಸಿದ ಗಂಜಿಯಂಥ ಪಾಕದ ಮೇಲೆ ಗಾಜಿನ ಬಾಟಲಿಯಲ್ಲಿ ಇಡುತ್ತಾರೆ. ಚೂರು ಉಬ್ಬಿ ಗಂಟು ಗಂಟಾದ ಮುದ್ದೆಯಾಗುತ್ತದೆ. ಪಾಕವನ್ನು ಹದವಾಗಿ ಬದಲಾಯಿಸುತ್ತ ಹೋದರೆ ಆ ಮುದ್ದೆಯ ಮೇಲೆ ಸಣ್ಣ ಸಣ್ಣ ಮೊಳಕೆಗಳು ಕಾಣುತ್ತವೆ. ಬೀಜದೊಳಗೆ ಇರುತ್ತದಲ್ಲ ಭ್ರೂಣ, ಥೇಟು ಹಾಗೆ. ಆದರೆ ಬೀಜವಿಲ್ಲ, ಪರಾಗವಿಲ್ಲ.

ಮರಗಳು ಈ ವಿದ್ಯೆಗೆ ಬೇಗ ಬಗ್ಗಲಿಲ್ಲ. ತರಕಾರಿ, ತಂಬಾಕು ಬಗ್ಗಿದ ಎಷ್ಟೋ ವರ್ಷದ ಮೇಲೆ ಮರದ ಸರದಿ. ಅವುಗಳಲ್ಲಿ ಗಂಧ ಮುಂದೆ ನಿಂತಿತು ಎನ್ನುವುದು ನಮಗೆ ಹೆಮ್ಮೆಯ ಮಾತು. 1965ರಲ್ಲಿ ಪಿ. ಎಸ್. ರಾವ್ ಅವರು ಗಂಧದ ಭ್ರೂಣವನ್ನು ಪಾಕದ ಮೇಲಿಟ್ಟು ಅದರಿಂದ ಇನ್ನಷ್ಟು ಭ್ರೂಣಗಳು ಹುಟ್ಟುವುದನ್ನು ತೋರಿಸಿದರು. 1979ರಲ್ಲಿ ಎರಡು ಕಡೆಯಿಂದ ಪೂರ್ತಿ ಸಸಿಯ ಸುದ್ದಿ ಬಂತು: ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಲಕ್ಷ್ಮೀ ಸೀತಾ, ರಾಘವರಾಂ, ವೈದ್ಯನಾಥನ್ ಇವರು ಗಂಧದ ಚಿಗುರಿನಿಂದ ಸಸಿ ಎಬ್ಬಿಸಿದರು; ಬೊಂಬಾಯಿಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ಬಾಪಟ್ ಮತ್ತು ರಾವ್ ಎಬ್ಬಿಸಿದರು. ಮರುವರ್ಷ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದವರು ತೇಗದಲ್ಲಿ ಇದನ್ನೇ ಸಾಧಿಸಿದರು. 1988ರಲ್ಲಿ ಬಾಪಟ್ ಮತ್ತು ರಾವ್ ಇನ್ನೊಂದು ಚಮತ್ಕಾರ ಮಾಡಿದರು. ಬಾಟಲಿಯಲ್ಲಿ ಹುಟ್ಟಿದ ಭ್ರೂಣಗಳನ್ನು ಸಮುದ್ರದ ಪಾಚಿಯಿಂದ ತೆಗೆದ ಅಂಟಿನಲ್ಲಿ ಅದ್ದಿ, ಬೆಂದ ಸಬ್ಬಕ್ಕಿಯಂಥ ಮಣಿಗಳನ್ನು ಮಾಡಿ, ಅವುಗಳಿಂದ ಸಸಿ ಹುಟ್ಟಿಸಿದರು. ಕೃತಕ ಬೀಜ ಎಂದು ಹೆಸರಾಯಿತು.

ಇಷ್ಟೆಲ್ಲ ಆಗಿಯೂ ಇಂದು ನಮ್ಮಲ್ಲಿ ನೆಡುವ ಗಂಧದ ಸಸಿಗಳಲ್ಲಿ ಬಹುಪಾಲು ಬೀಜದವೇ. ಕಾರಣವನ್ನು ಮುಚ್ಚಿಡದೆ ಹೇಳುತ್ತೇನೆ. ಬಾಟಲಿಯಲ್ಲಿ ಸಾವಿರ ಭ್ರೂಣ ಕಂಡರೂ ಎಲ್ಲವೂ ಸಸಿಯಾಗುವುದಿಲ್ಲ. ಸಸಿಯಾದವೂ ಹೊರಗಿನ ಗಾಳಿ ಬಿಸಿಲಿಗೆ ಬಂದಾಗ ಬಹಳಷ್ಟು ಬಾಡಿಹೋಗುತ್ತವೆ; ಗಂಧಕ್ಕಂತೂ ಆ ಹೊತ್ತಿಗೆ ಆಸರೆ ಗಿಡವೂ ಬೇಕು. ಇನ್ನೊಂದು ತೊಡಕು, ಎಳೆಯ ಸಸಿಯ ಚೂರು ಸುಲಭವಾಗಿ ಬಗ್ಗುತ್ತದೆ, ಮುದಿ ಮರದ ಚೂರು ಮೊಂಡು. ಆದರೆ ನಮಗೆ ಬೇಕಾದ್ದು ಮುದಿ ಮರವೇ. ಚೇಗು ಹೇಗಿದೆಯೆಂದು ಗೊತ್ತಾಗುವುದು ಮರಕ್ಕೆ ವಯಸ್ಸಾದ ಮೇಲೆ ತಾನೆ? ಕೆಚ್ಚಲು ಬಾರದ ಕರುವನ್ನು ನೋಡಿ ಹಾಲೆಷ್ಟು ಎಂದು ಹೇಳಲಾದೀತೆ?

ಈ ನಡುವೆ ನಮ್ಮ ಕಡೆಯ ಒಬ್ಬ ರೈತರು ತಮ್ಮ ಎರಡು ಎಕರೆಗೆ "ಟಿಶ್ಯೂ ಗಂಧ" ತಂದು ಹಾಕಿದ್ದರು. ಮಾಮೂಲು ಸಸಿಗಿಂತ ಐದಾರು ಪಟ್ಟು ಬೆಲೆ. ಹತ್ತು ವರ್ಷಕ್ಕೆ ಕೋಟಿ ರೂಪಾಯಿ ಎಂದು ಮಾರಿದವನ ಮಾತು. ನನ್ನನ್ನು ಕರೆದು ತೋರಿಸಿದರು. ಒಂದು ಸಸಿಯ ಎಲೆ ದುಂಡಗೆ, ಇನ್ನೊಂದರದು ಉದ್ದ, ಒಂದು ಎತ್ತರ, ಒಂದು ಗಿಡ್ಡ. ಒಂದೇ ತಾಯಿಯ ಪಡಿಯಚ್ಚಾದರೆ ಒಂದೇ ಸಾಲಿನಲ್ಲಿ ಹೀಗೆ ಇರಲು ಸಾಧ್ಯವಿಲ್ಲ. ಕವರಿನ ಮಣ್ಣು ಬಿಡಿಸಿ ನೋಡಿದರೆ ಒಂದೆರಡರ ಬುಡದಲ್ಲಿ ಬೀಜದ ಕರಟವೇ ಅಂಟಿಕೊಂಡಿತ್ತು. ಆ ಯಜಮಾನರು ಏನೂ ಮಾತಾಡದೆ ಬದುವಿನ ಮೇಲೆ ಕೂತುಬಿಟ್ಟರು. ಮಗಳ ಮದುವೆಗೆಂದು ಇಟ್ಟ ದುಡ್ಡಂತೆ ಅದು. ಸಸಿಗಳೇನೋ ಚೆನ್ನಾಗಿವೆ, ಆಸರೆಗೆ ತೊಗರಿ ಹಾಕಿಸಿದ್ದೇನೆ, ಬೆಳೆಯುತ್ತವೆ. ಹೋದ ದುಡ್ಡು ಬರುವುದಿಲ್ಲ.

ಆದ್ದರಿಂದ ಟಿಶ್ಯೂ ಎಂಬ ಮಾತು ಕೇಳಿದ ಕೂಡಲೆ ಕೇಳಬೇಕಾದ ಪ್ರಶ್ನೆ ಒಂದೇ: ತಾಯಿಮರ ಯಾವುದು, ಎಲ್ಲಿದೆ, ಅದರ ಚೇಗು ಮತ್ತು ಎಣ್ಣೆ ನೋಡಿದವರು ಯಾರು? ಬಾಟಲಿ ಮಾಡುವುದು ನಕಲು ಮಾತ್ರ. ಸಾಧಾರಣ ಮರದ ನಕಲು ಸಾಧಾರಣವೇ. ಬಾಟಲಿಯಲ್ಲಿ ಹುಟ್ಟಿತೆಂದು ಚೇಗು ಅವಸರ ಮಾಡುವುದಿಲ್ಲ. ಚೇಗು ಕಟ್ಟಲು ಶುರುವಾಗುವುದಕ್ಕೇ ಹತ್ತು ವರ್ಷದ ಆಸುಪಾಸು ಬೇಕು.

ಇನ್ನು ನಕಲಿನಲ್ಲಿ ಇನ್ನೊಂದು ಅಪಾಯವಿದೆ. ನಂಜನಗೂಡಿನ ರಸಬಾಳೆಯನ್ನು ನೆನೆಸಿಕೊಳ್ಳಿ. ತೋಟದ ಗಿಡಗಳೆಲ್ಲ ಕಂದಿನಿಂದ ಬಂದ ಒಂದೇ ರಕ್ತ. ಪನಾಮ ಸೊರಗು ರೋಗ ಹೊಕ್ಕಾಗ ತಡೆಯುವ ಗಿಡ ಒಂದೂ ಇರಲಿಲ್ಲ. ಇಡೀ ತಳಿಯೇ ಅಳಿಯುವ ಸ್ಥಿತಿಗೆ ಬಂತು. ಗಂಧವನ್ನೂ ಒಂದೆರಡು ತಾಯಿಮರದ ನಕಲಿನಿಂದ ರಾಜ್ಯದ ತುಂಬ ಹಾಕಿದೆವು ಎನ್ನಿ, ಸ್ಪೈಕ್ ರೋಗಕ್ಕೆ ಹಬ್ಬದೂಟ. ಕೋಲ್ಮನ್ ಅವರ ಮಾತಿಗೆ ಮತ್ತೆ ಬರುತ್ತೇನೆ ಎಂದಿದ್ದೆನಲ್ಲ, ಅದು ಇದೇ: ಕಡ್ಡಿಯ ಜೊತೆ ರೋಗವೂ ನಕಲಾಗುತ್ತದೆ. ಹೊರಗೆ ಹಸುರಾಗಿ ಕಾಣುವ ಮರದೊಳಗೆ ರೋಗ ಅಡಗಿದ್ದರೆ ಅದರ ಕಸಿಗಳೆಲ್ಲ ರೋಗದ ಬಿತ್ತನೆಯೇ. ಈಗ ಪ್ರಯೋಗಾಲಯದಲ್ಲಿ ಎಲೆಯ ಚೂರಿನಿಂದ ಡಿ.ಎನ್.ಎ. ತೆಗೆದು ಅದರಲ್ಲಿ ರೋಗದ ಜೀವಿ ಉಂಟೋ ಇಲ್ಲವೋ ಹೇಳಬಹುದು. ಎರಡು ಮರ ಒಂದೇ ಬೇರಿನ ಕಂದುಗಳೋ, ದಾಯಾದಿಗಳೋ, ಸಂಬಂಧವೇ ಇಲ್ಲದವೋ ಎಂದೂ ಹೇಳಬಹುದು. ಇದು ಬಹಳ ಉಪಯೋಗದ ವಿದ್ಯೆ. ಏಕೆಂದರೆ ಮರ ಅಗೆದ ಗುಂಡಿಯ ಸುತ್ತ ಉಳಿದ ಬೇರಿನಿಂದ ಹತ್ತಾರು ಚಿಗುರು ಎದ್ದು, ನೋಡುವವರಿಗೆ ಹತ್ತು ಮರದ ಗುಂಪಿನಂತೆ ಕಂಡರೂ ಅದು ನಿಜವಾಗಿ ಒಂದೇ ಮರವಾಗಿರಬಹುದು. ಅದನ್ನು ಹತ್ತೆಂದು ಲೆಕ್ಕ ಬರೆದರೆ ಭಂಡಾರದಲ್ಲಿ ನಾವು ಕೂಡಿಟ್ಟದ್ದು ಒಂದೇ. 2018ರಲ್ಲಿ ವಿಜ್ಞಾನಿಗಳು ಗಂಧದ ಪೂರ್ತಿ ವಂಶಲಿಪಿಯನ್ನು ಓದಿ ಪ್ರಕಟಿಸಿದರು. ಮುಂದೆ ಎಳೆಯ ಸಸಿಯಲ್ಲಿಯೇ ಚೇಗಿನ ಗುಣ ಹೇಳುವಂತಾದರೆ ಮುದಿ ಮರದ ಮೊಂಡುತನದ ತೊಡಕು ತಪ್ಪೀತು.

ಅಲ್ಲಿಯವರೆಗೆ? ನಮ್ಮ ಬೇಲಿಯ ವಿಷಯಕ್ಕೆ ಬರುತ್ತೇನೆ. ಅಜ್ಜಿಯ ಕಣ್ಣು ತಪ್ಪಿಸಿ ಲಂಟಾನದ ಒಳಗೆ ಒಂದು ಸಸಿ ಉಳಿದುಕೊಂಡಿತ್ತು. ಈಗ ಅದು ನನ್ನ ತೊಡೆಗಿಂತ ದಪ್ಪ. ಮೂರು ಸಲ ವ್ಯಾಪಾರಿ ಬಂದು ಹೋದ. ನಮ್ಮಪ್ಪ ಕೊಡಲಿಲ್ಲ. ಅದರ ಬೀಜ ಹಿಡಿದು ಊರಿನ ಹನ್ನೊಂದು ಮನೆಯವರು ಸಸಿ ಮಾಡಿಕೊಂಡಿದ್ದಾರೆ. ಅವರಿಗೆ ನಾನು ಹೇಳುವುದು, ಇದೊಂದೇ ಮರದ ಬೀಜ ಸಾಲದು, ಆಚೆ ಊರಿನ ಹಳೆ ಮರಗಳದನ್ನೂ ತನ್ನಿ, ಬೆರೆಸಿ ಹಾಕಿ ಎಂದು. ನಿಮ್ಮ ಊರಿನ ಗುಡಿಯ ಹಿಂದೆ, ಹಳ್ಳದ ದಂಡೆಯಲ್ಲಿ ರೋಗವಿಲ್ಲದೆ ನಿಂತ ಹಳೆಯ ಗಂಧವಿದ್ದರೆ ಅದನ್ನು ಬೀಜದ ಮರವೆಂದು ಬಿಟ್ಟುಕೊಡಿ. ಸಂಶೋಧನಾ ಕೇಂದ್ರದವರು ಕಡ್ಡಿಗೆಂದು ಹುಡುಕುವುದೂ ಅಂಥ ಮರವನ್ನೇ.

ಬೀಜ ಸಿಗುವ ಕಾಲ ಎರಡು: ಸೆಪ್ಟೆಂಬರ್ ಅಕ್ಟೋಬರ್ ಒಂದು, ಮಾರ್ಚ್ ಏಪ್ರಿಲ್ ಇನ್ನೊಂದು. ಕಪ್ಪಗೆ ಮಾಗಿದ ಹಣ್ಣನ್ನು ಮರದಿಂದಲೇ ಬಿಡಿಸಿ, ತಿರುಳು ಉಜ್ಜಿ ತೊಳೆದು ನೆರಳಲ್ಲಿ ಒಣಗಿಸಿ. ಕಿಲೋಗೆ ಸುಮಾರು 6,000 ಬೀಜ ತೂಗುತ್ತವೆ. ಕೂಡಲೆ ಹಾಕಿದರೆ ಹುಟ್ಟುವುದಿಲ್ಲ, ಎರಡು ತಿಂಗಳು ಮಲಗಬೇಕು. ಅವಸರವಿದ್ದವರು ಜಿಬ್ಬರೆಲಿಕ್ ಆಮ್ಲದ ನೂರಕ್ಕೆ 0.05ರ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ ಬಿತ್ತಬಹುದು. ಕವರಿನಲ್ಲಿರುವಾಗ ಜೊತೆಗೆ ತೊಗರಿಯನ್ನೋ ಹೊನಗೊನ್ನೆಯನ್ನೋ ಹಾಕಿ, ಅದು ಗಂಧದ ಮೇಲೆ ನೆರಳು ಮಾಡದ ಹಾಗೆ ಕತ್ತರಿಸುತ್ತಿರಿ. ಹೊಲದಲ್ಲಿ ಹೊಂಗೆ, ಸರ್ವೆ ಇವು ದೀರ್ಘಕಾಲದ ಆಸರೆ. ನೆಟ್ಟ ಮೇಲೆ ಪಹಣಿಯಲ್ಲಿ ಮರಗಳ ಸಂಖ್ಯೆ ಬರೆಸಿಕೊಳ್ಳುವುದನ್ನು ಮರೆಯಬೇಡಿ. ಮರ ನಿಮ್ಮದೇ ಆದರೂ ಕಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆಗಿನ ನಿಯಮ ಏನಿದೆಯೆಂದು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿಯೇ ಕೊಡಲಿ ಎತ್ತಿ.